ಹಳದಿ ಗಂಡು ಯಾಕೆ ಸೋಲುತ್ತದೆ?

ಪ್ರಾಣಿಗಳ ನಡವಳಿಕೆ ಓದಬೇಕು ಅಂತ ಎಂ.ಎಸ್ಸಿ. ಪ್ರಾಣಿಶಾಸ್ತ್ರಕ್ಕೆ ಬರುವವರು ಮನಸ್ಸಿನಲ್ಲಿ ಆನೆಯನ್ನೋ ಕೋತಿಯನ್ನೋ ಕೂರಿಸಿಕೊಂಡೇ ಬಂದಿರುತ್ತಾರೆ. ನಾನು ಮೈಸೂರಿನವಳು. ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೋತಿಗಳು ತೆಂಗಿನಕಾಯಿ ಹೋಳು ಕಿತ್ತುಕೊಳ್ಳುವುದನ್ನು ನೋಡುತ್ತಾ ಬೆಳೆದವಳು. ಪ್ರಾಜೆಕ್ಟ್ ಹಂಚಿದಾಗ ನನ್ನ ಪಾಲಿಗೆ ಬಂದದ್ದು ಹಣ್ಣುನೊಣ. ಅಡುಗೆಮನೆಯಲ್ಲಿ ಬಾಳೆಹಣ್ಣು ಕಳಿತರೆ ಎಲ್ಲಿಂದಲೋ ಬಂದು ಸುತ್ತುತ್ತದಲ್ಲ, ಆ ಡ್ರೊಸೊಫಿಲ. ಉದ್ದ ಮೂರು ಮಿಲಿಮೀಟರ್ ಕೂಡ ಇಲ್ಲ.

"ಕೋತಿ ಯಾಕೆ ಬೇಡ ಮೇಡಂ?" ಅಂತ ಕೇಳಿದೆ.

"ಬೇಡ ಅಂತಲ್ಲಮ್ಮ. ಆದ್ರೆ ನಿನಗೆ ಬೇಕಾದ ಕೋತಿಗೆ ಬೇಕಾದ ಕೋತಿ ಜೊತೆ ಮದುವೆ ಮಾಡಿಸೋಕಾಗತ್ತಾ? ಮೊಮ್ಮಕ್ಕಳನ್ನ ನೋಡೋಕೆ ಎಷ್ಟು ವರ್ಷ ಕಾಯ್ತೀಯ?"

ಉತ್ತರ ಇರಲಿಲ್ಲ. ಒಂದು ನಡವಳಿಕೆ ವಂಶದಲ್ಲಿ ಇಳಿದು ಬರುತ್ತದೋ ಇಲ್ಲವೋ ತಿಳಿಯಬೇಕಾದರೆ ತಳಿ ಬೆರೆಸಲೇಬೇಕು. ಬೆರೆಸಿ, ಮಕ್ಕಳನ್ನು ನೋಡಿ, ಮತ್ತೆ ಬೆರೆಸಬೇಕು. ಹಣ್ಣುನೊಣ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಹತ್ತು ದಿನಕ್ಕೆ ಮೊಟ್ಟೆಯಿಂದ ರೆಕ್ಕೆ ಬಂದ ನೊಣವಾಗುತ್ತದೆ. ಮೈಸೂರಿನಲ್ಲಿ ಇದನ್ನು ಸಾಕುವುದು ಹೊಸದೂ ಅಲ್ಲ. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ ತಳಿಗಳ ಸಂಗ್ರಹ ಕೇಂದ್ರವೇ ಇದೆ. ಈ ಊರಿನಲ್ಲಿ ನೊಣ ಎಣಿಸಿ ಡಾಕ್ಟರೇಟ್ ಪಡೆದವರು ಬೇಕಾದಷ್ಟು ಜನ.

ಮೇಡಂ ಕೊಟ್ಟ ಪ್ರಶ್ನೆ ನೂರು ವರ್ಷಕ್ಕಿಂತ ಹಳೆಯದು. ಡ್ರೊಸೊಫಿಲ ಮೆಲನೊಗ್ಯಾಸ್ಟರ್‌ನಲ್ಲಿ 'ಯೆಲ್ಲೋ' ಅಂತ ಒಂದು ಜೀನ್ ಇದೆ. ಅದು ಕೆಟ್ಟರೆ ಮೈಯಲ್ಲಿ ಕಪ್ಪು ಬಣ್ಣ ಸರಿಯಾಗಿ ಕೂರುವುದಿಲ್ಲ, ನೊಣ ಹಳದಿಯಾಗಿ ಕಾಣುತ್ತದೆ. ಬಣ್ಣ ಹೋದರೆ ಹೋಗಲಿ ಬಿಡಿ. ವಿಚಿತ್ರ ಏನೆಂದರೆ, ಹಳದಿ ಗಂಡುಗಳಿಗೆ ಹೆಣ್ಣು ಸಿಗುವುದು ಕಷ್ಟ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಮಾರ್ಗನ್ ಅವರ ಶಿಷ್ಯ ಸ್ಟರ್ಟೆವಂಟ್ 1915ರಲ್ಲೇ ಇದನ್ನು ಬರೆದಿಟ್ಟಿದ್ದರು. ಅದಕ್ಕೆ ಎರಡು ವರ್ಷ ಮೊದಲು ಜೀನುಗಳ ಮೊಟ್ಟಮೊದಲ ನಕ್ಷೆ ಬರೆದವರೂ ಇವರೇ. ಆ ನಕ್ಷೆಯಲ್ಲೂ ಯೆಲ್ಲೋ ಇತ್ತು.

ಆಮೇಲೆ 1956ರಲ್ಲಿ ಮಾರ್ಗರೆಟ್ ಬ್ಯಾಸ್ಟಾಕ್ ಇದೇ ಪ್ರಶ್ನೆ ಹಿಡಿದರು. ಅವರು ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ನಿಕೊ ಟಿನ್‌ಬರ್ಗೆನ್ ಅವರ ವಿದ್ಯಾರ್ಥಿನಿ. ಒಂದೇ ಒಂದು ಜೀನ್ ಬದಲಾದರೆ ನಡವಳಿಕೆ ಬದಲಾಗುತ್ತದಾ ಅಂತ ಕುಳಿತು ನೋಡಿ, ಎಣಿಸಿ ಬರೆದ ಮೊದಲ ಕೆಲಸಗಳಲ್ಲಿ ಅವರದೂ ಒಂದು. ಹಳದಿ ಗಂಡು ರೆಕ್ಕೆ ಅದುರಿಸುವುದು ಕಡಿಮೆ, ಅದಕ್ಕೇ ಹೆಣ್ಣು ಒಪ್ಪುವುದಿಲ್ಲ ಅನ್ನುವುದು ಅವರಿಗೆ ಕಂಡ ಕಾರಣ. ಮೇಡಂ ನನಗೆ ಓದಲು ಕೊಟ್ಟದ್ದು ಈ ಎರಡೇ ಬರಹ. "ಇದಾದ ಮೇಲೂ ಕೆಲಸ ಆಗಿದೆ. ಅದನ್ನ ಈಗ ಹುಡುಕಬೇಡ. ಮೊದಲು ನೋಡು, ಆಮೇಲೆ ಓದು" ಅಂದರು.

ನೋಡುವ ಮೊದಲು ಸಾಕಬೇಕಲ್ಲ. ನೊಣದ ಊಟ ಮಾಡುವುದನ್ನು ಕಲಿಸಿದ್ದು ನಮ್ಮ ಲ್ಯಾಬಿನ ಅಟೆಂಡರ್ ಅಣ್ಣ. ರವೆ, ಬೆಲ್ಲ, ಅಗರ್, ನೀರು. ಒಂದು ಲೀಟರ್ ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ. ಗಂಟಾಗದ ಹಾಗೆ ತಿರುಗಿಸುತ್ತಾ ಕುದಿಸಿದರೆ ಇಡೀ ಕಾರಿಡಾರಿಗೆ ಸಜ್ಜಿಗೆ ಮಾಡಿದ ಹಾಗೆ ವಾಸನೆ. ಕೊನೆಗೆ ಬೂಷ್ಟು ಹಿಡಿಯದಿರಲಿ ಅಂತ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್ ಸುರಿದ ಕೂಡಲೇ ಆ ಆಸೆ ಹೋಗುತ್ತದೆ, ಮೂಗಿಗೆ ಅಷ್ಟು ಘಾಟು. ಬಿಸಿ ಇರುವಾಗಲೇ ಬಾಟಲಿಗೆ ಸುರಿದು, ಆರಿದ ಮೇಲೆ ಯೀಸ್ಟ್ ಹಾಕಿ, ಹತ್ತಿಯಿಂದ ಬಾಯಿ ಮುಚ್ಚಬೇಕು. "ಹತ್ತಿ ಬಿಗಿಯಾಗಿರ್ಲಿ ಕಣಮ್ಮ. ಒಂದು ನೊಣ ಅತ್ಲಾಗಿಂದ ಇತ್ಲಾಗೆ ಬಂದ್ರೆ ನಿಮ್ಮ ತಳಿ ಕೆಟ್ಟಂಗೆ" ಅನ್ನುತ್ತಿದ್ದರು ಅಣ್ಣ. ನೊಣದ ತಳಿಶಾಸ್ತ್ರದಲ್ಲಿ ನಾನು ಕೇಳಿದ ಅತ್ಯಂತ ಉಪಯೋಗದ ಮಾತು ಅದೇ ಇರಬೇಕು.

ಇನ್ನು ವರ್ಜಿನ್ ತೆಗೆಯುವ ಕೆಲಸ. ಲ್ಯಾಬಿನಲ್ಲಿ ಎಲ್ಲರೂ ಹಾಗೇ ಅನ್ನುವುದು. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ಒಳಗೇ ಕೂಡಿಟ್ಟುಕೊಂಡು ದಿನಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಯಾವ ಗಂಡಿನ ಮಕ್ಕಳು ಅಂತ ಗೊತ್ತಾಗಬೇಕಾದರೆ ಹೆಣ್ಣು ಕೂಡುವ ಮುಂಚೆಯೇ ಬೇರೆ ಮಾಡಬೇಕು. ಪ್ಯೂಪಾ ಕೋಶದಿಂದ ಹೊರಬಂದ ಹೆಣ್ಣು 25 ಡಿಗ್ರಿಯಲ್ಲಿ ಸುಮಾರು ಎಂಟು ಗಂಟೆ ಯಾವ ಗಂಡನ್ನೂ ಹತ್ತಿರ ಸೇರಿಸುವುದಿಲ್ಲ. ನಮಗೆ ಸಿಗುವ ಬಿಡುವು ಅಷ್ಟೇ. ಬೆಳಿಗ್ಗೆ ಬಾಟಲಿಯ ನೊಣಗಳನ್ನೆಲ್ಲ ಖಾಲಿ ಮಾಡು, ಮಧ್ಯಾಹ್ನ ಹೊಸದಾಗಿ ಬಂದವನ್ನು ಈಥರ್ ಕೊಟ್ಟು ಮಲಗಿಸು, ಬ್ರಷ್ಷಿನ ತುದಿಯಿಂದ ಹೆಣ್ಣು ಒಂದು ಕಡೆ, ಗಂಡು ಒಂದು ಕಡೆ ತಳ್ಳು. ಆಗ ತಾನೇ ಹುಟ್ಟಿದ್ದರ ಮೈ ಬಿಳಿಚಿಕೊಂಡಿರುತ್ತದೆ, ಹೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಹುಳವಾಗಿದ್ದಾಗ ತಿಂದದ್ದರ ಉಳಿಕೆ ಅದು. ಗಂಡು ಗುರುತಿಸಲು ಎಲ್ಲರೂ ನೋಡುವುದು ಹೊಟ್ಟೆಯ ಕಪ್ಪು ತುದಿಯನ್ನು. ಹಳದಿ ತಳಿಯಲ್ಲಿ ಆ ಕಪ್ಪೇ ಇಲ್ಲ! ಅಲ್ಲಿ ಮುಂಗಾಲು ನೋಡಬೇಕು. ಗಂಡಿನ ಮುಂಗಾಲಿನ ಮೇಲೆ ದಪ್ಪ ರೋಮಗಳ ಒಂದು ಪುಟ್ಟ ಸಾಲು ಇರುತ್ತದೆ, ಹತ್ತು ಹನ್ನೆರಡು ಹಲ್ಲಿನ ಬಾಚಣಿಗೆ. ಹೆಣ್ಣಿಗೆ ಇರುವುದಿಲ್ಲ. ಆ ಬಾಚಣಿಗೆಯನ್ನು ನಾನು ಆಗ ಗಂಡೋ ಹೆಣ್ಣೋ ಅಂತ ತಿಳಿಯಲು ಮಾತ್ರ ನೋಡುತ್ತಿದ್ದೆ.

ಇಷ್ಟಾದರೂ ಪ್ರಯೋಗ ಇನ್ನೂ ಶುರುವಾಗಿರಲಿಲ್ಲ. ಹಳದಿ ಬಾಟಲಿಯಿಂದ ಒಂದು ಗಂಡು, ಮಾಮೂಲಿ ಬಾಟಲಿಯಿಂದ ಒಂದು ಗಂಡು ತೆಗೆದು ಹೋಲಿಸಿದರೆ ಮುಗೀತಲ್ವಾ ಅಂತ ಮೊದಲು ಅನ್ನಿಸುತ್ತದೆ. ಮುಗಿಯುವುದಿಲ್ಲ. ಎರಡು ಬಾಟಲಿಗಳು ವರ್ಷಗಟ್ಟಲೆ ಬೇರೆ ಬೇರೆ ಇದ್ದಿವೆ. ಅವುಗಳ ನಡುವೆ ಯೆಲ್ಲೋ ಒಂದೇ ಅಲ್ಲ, ಸಾವಿರ ಕಡೆ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಹಳದಿ ಗಂಡು ಸೋತರೆ ಅದು ಯೆಲ್ಲೋ ಜೀನಿನಿಂದಲೋ, ಇನ್ಯಾವುದೋ ಜೀನಿನಿಂದಲೋ ಹೇಳುವುದು ಹೇಗೆ?

ಅದಕ್ಕೆ ಹಿನ್ನೆಲೆ ಒಂದೇ ಮಾಡಬೇಕು. ಯೆಲ್ಲೋ ಇರುವುದು ಎಕ್ಸ್ ಕ್ರೋಮೋಸೋಮಿನ ತುದಿಯಲ್ಲಿ. ಗಂಡಿಗೆ ಎಕ್ಸ್ ಒಂದೇ, ಅದು ಬರುವುದು ತಾಯಿಯಿಂದ. ಹಳದಿ ಗಂಡನ್ನು ಮಾಮೂಲಿ ಹೆಣ್ಣಿನ ಜೊತೆ ಬಿಟ್ಟರೆ ಮಗಳಂದಿರೆಲ್ಲ ನೋಡಲು ಮಾಮೂಲಿ, ಆದರೆ ಪ್ರತಿಯೊಬ್ಬಳೂ ಒಂದು ಹಳದಿ ಎಕ್ಸ್ ಹೊತ್ತಿರುತ್ತಾಳೆ. ಅವರನ್ನು ಮತ್ತೆ ಮಾಮೂಲಿ ಗಂಡಿನ ಜೊತೆ ಬಿಟ್ಟರೆ ಹುಟ್ಟುವ ಗಂಡುಮಕ್ಕಳಲ್ಲಿ ಅರ್ಧ ಹಳದಿ, ಅರ್ಧ ಮಾಮೂಲಿ. ಆ ಹಳದಿ ಮಗನನ್ನು ಮತ್ತೆ ಮಾಮೂಲಿ ತಳಿಯ ಹೆಣ್ಣಿಗೆ. ಹೀಗೇ ತಲೆಮಾರಿನ ಮೇಲೆ ತಲೆಮಾರು. ಪ್ರತಿ ಸಲವೂ ಹಳೆಯ ಹಳದಿ ತಳಿಯ ಪಾಲು ಕರಗುತ್ತಾ ಹೋಗುತ್ತದೆ. ಯೆಲ್ಲೋ ಮತ್ತು ಅದರ ಅಕ್ಕಪಕ್ಕದ ಸಣ್ಣ ತುಂಡು ಮಾತ್ರ ಉಳಿಯುತ್ತದೆ. ಬ್ಯಾಸ್ಟಾಕ್ ಕೂಡ ತಳಿ ಬೆರೆಸಿ ಹಿನ್ನೆಲೆ ಸಮ ಮಾಡಿಕೊಂಡೇ ಎಣಿಕೆಗೆ ಕುಳಿತವರು. ಕೊನೆಗೆ ಒಂದೇ ಬಾಟಲಿಯಲ್ಲಿ, ಒಂದೇ ಊಟ ತಿಂದು ಬೆಳೆದ ಅಣ್ಣತಮ್ಮಂದಿರು ಸಿಗುತ್ತಾರೆ. ಒಬ್ಬ ಹಳದಿ, ಒಬ್ಬ ಮಾಮೂಲಿ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಬಾಟಲಿ ಅದು. ಅದಕ್ಕಾಗಿ ತಿಂಗಳುಗಟ್ಟಲೆ ಬರೀ ರವೆ ಕುದಿಸಿದ್ದೆ ಅನ್ನುವುದು ಬೇರೆ ಮಾತು.

ನೋಡುವ ದಿನ ಈಥರ್ ಮುಟ್ಟುವಂತಿಲ್ಲ. ಅಮಲು ಇಳಿದರೂ ಅದರ ಪರಿಣಾಮ ನಡವಳಿಕೆಯಲ್ಲಿ ಉಳಿದಿರಬಹುದು. ರಬ್ಬರ್ ಕೊಳವೆಗೆ ಬಟ್ಟೆ ತುಂಡು ಕಟ್ಟಿ, ಬಾಯಲ್ಲಿ ಮೆಲ್ಲಗೆ ಎಳೆದು, ಒಂದೊಂದೇ ನೊಣವನ್ನು ಸಣ್ಣ ಗಾಜಿನ ಗೂಡಿಗೆ ದಾಟಿಸುವುದು. ಲೈಟ್ ಹಾಕಿದ ಮೇಲಿನ ಮೊದಲ ಗಂಟೆಗಳಲ್ಲಿ ನೊಣಗಳು ಚುರುಕಾಗಿರುತ್ತವೆ, ಹಾಗಾಗಿ ಬೆಳಿಗ್ಗೆಯೇ ಶುರು. ಒಂದು ಹೆಣ್ಣು, ಒಂದು ಗಂಡು, ಒಂದು ಗಂಟೆ.

ಮಾಮೂಲಿ ಗಂಡು ಏನು ಮಾಡುತ್ತದೆ ಹೇಳುತ್ತೇನೆ. ಮೊದಲು ಹೆಣ್ಣಿನ ಕಡೆ ಮುಖ ಮಾಡಿ ನಿಲ್ಲುತ್ತದೆ. ಮುಂಗಾಲಿನಿಂದ ಅದರ ಹೊಟ್ಟೆ ತಟ್ಟುತ್ತದೆ. ನೊಣಕ್ಕೆ ಕಾಲಿನಲ್ಲೂ ರುಚಿ ತಿಳಿಯುತ್ತದೆ, ತಟ್ಟಿದರೆ ತನ್ನ ಜಾತಿಯ ಹೆಣ್ಣು ಹೌದೋ ಅಲ್ಲವೋ ಗೊತ್ತಾಗುತ್ತದೆ. ಆಮೇಲೆ ಒಂದೇ ರೆಕ್ಕೆ ಅಗಲಿಸಿ ಅದುರಿಸುತ್ತದೆ. ಅದೇ ಅದರ ಹಾಡು, ನಮ್ಮ ಕಿವಿಗೆ ಕೇಳುವುದಿಲ್ಲ. ಹೆಣ್ಣು ಓಡುತ್ತದೆ, ಗಂಡು ಹಿಂದೆ ಓಡುತ್ತದೆ. ಇಷ್ಟವಿಲ್ಲದಿದ್ದರೆ ಹೆಣ್ಣು ಹಿಂಗಾಲಲ್ಲಿ ಒದೆಯುತ್ತದೆ, ಸುಮ್ಮನೆ ದೂರ ಹಾರಿಬಿಡುತ್ತದೆ. ಒಪ್ಪಿದರೆ ನಿಧಾನ ಮಾಡುತ್ತದೆ. ಗಂಡು ಹಿಂದಿನಿಂದ ನೆಕ್ಕಿ, ಹೊಟ್ಟೆ ಬಗ್ಗಿಸಿ ಮೇಲೆ ಹತ್ತುತ್ತದೆ. ಕೂಡಿದರೆ ಸುಮಾರು ಇಪ್ಪತ್ತು ನಿಮಿಷ.

ಹಾಳೆಯಲ್ಲಿ ಕಾಲಂ ಹಾಕಿಕೊಂಡೆ. ತಿರುಗಿದ್ದು, ತಟ್ಟಿದ್ದು, ರೆಕ್ಕೆ, ನೆಕ್ಕಿದ್ದು, ಹತ್ತಿದ್ದು, ಕೂಡಿದ್ದು. ಇಲ್ಲಿ ಒಂದು ಫಜೀತಿ ಇದೆ. ಯಾವುದು ಹಳದಿ ಅಂತ ನನ್ನ ಕಣ್ಣಿಗೇ ಕಾಣುತ್ತದೆ. ಸೋಲಬೇಕಾದದ್ದು ಯಾರು ಅಂತ ಮೊದಲೇ ಓದಿಕೊಂಡು ಬಂದವಳು ಅದರ ರೆಕ್ಕೆಯ ಅದುರಾಟ ಕಡಿಮೆ ಎಣಿಸಿಬಿಡಬಹುದು. ಅದಕ್ಕೆ ಫೋನಿಗೆ ಮ್ಯಾಕ್ರೋ ಲೆನ್ಸ್ ಹಾಕಿ ವಿಡಿಯೋ ಮಾಡಿದೆ. ನಮ್ಮ ಪ್ರಶ್ನೆ ಏನು ಅಂತಲೇ ಗೊತ್ತಿಲ್ಲದ ಹಾಸ್ಟೆಲಿನ ಗೆಳತಿಯೊಬ್ಬಳು ಅದನ್ನು ನೋಡಿ ಬೇರೆ ಎಣಿಸಿದಳು. ಅವಳು ಕನ್ನಡ ಎಂ.ಎ. "ನಿಮ್ಮ ನೊಣಕ್ಕೆ ಇಷ್ಟು ತಾಳ್ಮೆ ಇದೆಯಲ್ಲೇ" ಅಂತ ಅಚ್ಚರಿಪಟ್ಟಳು. ಅವಳ ಲೆಕ್ಕ, ನನ್ನ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂತು.

ಹಳದಿ ಗಂಡುಗಳು ಒಂದು ಗಂಟೆಯೊಳಗೆ ಕೂಡಿದ್ದು ಕಡಿಮೆ. ಅಲ್ಲಿಯವರೆಗೆ 1915ರ ಮಾತೇ. ಆದರೆ ರೆಕ್ಕೆಯ ಕಾಲಂನಲ್ಲಿ ಎರಡು ಬಣ್ಣದ ಅಣ್ಣತಮ್ಮಂದಿರ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಅಂತರ ಇದ್ದದ್ದು 'ಹತ್ತಿದ್ದು' ಕಾಲಂನಲ್ಲಿ, ಅದೂ ಉಲ್ಟಾ. ಹಳದಿಗಳು ಜಾಸ್ತಿ ಸಲ ಹತ್ತಿದ್ದವು! ವಿಡಿಯೋ ನಿಧಾನ ಮಾಡಿ ನೋಡಿದರೆ ಗಂಡು ಬರುತ್ತದೆ, ಹೊಟ್ಟೆ ಬಗ್ಗಿಸುತ್ತದೆ, ಮುಂಗಾಲು ಚಾಚಿ ಹಿಡಿಯಲು ನೋಡುತ್ತದೆ, ಜಾರುತ್ತದೆ. ಮತ್ತೆ ರೆಕ್ಕೆ, ಮತ್ತೆ ಹತ್ತು, ಮತ್ತೆ ಜಾರು. ಹೆಣ್ಣು ಎಷ್ಟೋ ಸಲ ಓಡಿಯೂ ಇರಲಿಲ್ಲ, ನಿಂತೇ ಇತ್ತು.

ಹಾಳೆ ತೆಗೆದುಕೊಂಡು ಹೋಗಿ ಮೇಡಂ ಮುಂದೆ ಇಟ್ಟೆ. ಒಂದು ನಿಮಿಷ ನೋಡಿದರು. "ಗಂಡಿಗೆ ಮನಸ್ಸಿಲ್ಲ ಅಂತೀಯಾ?"

"ಇಲ್ಲ ಮೇಡಂ. ಮನಸ್ಸಿದೆ. ಹಿಡಿತ ಸಿಗ್ತಿಲ್ಲ."

"ಹಾಗಾದ್ರೆ ಈಗ ಇದನ್ನ ಓದು" ಅಂತ ಡ್ರಾಯರಿನಿಂದ ಒಂದು ಪ್ರಿಂಟ್ ತೆಗೆದುಕೊಟ್ಟರು. ಅಮೆರಿಕದ ಮ್ಯಾಸೀ, ವಿಟ್‌ಕಾಪ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಕೆಲಸ. ಅವರು ಯೆಲ್ಲೋ ಜೀನನ್ನು ದೇಹದ ಬೇರೆ ಬೇರೆ ಭಾಗದಲ್ಲಿ ಮಾತ್ರ ನಿಲ್ಲಿಸಿ, ಬೇರೆ ಬೇರೆ ಭಾಗದಲ್ಲಿ ಮಾತ್ರ ಮರಳಿ ಕೊಟ್ಟು ನೋಡಿದ್ದರು. ನರಮಂಡಲದಲ್ಲಿ ಅದು ಇದ್ದರೂ ಇಲ್ಲದಿದ್ದರೂ ಗಂಡಿನ ಗೆಲುವಿಗೆ ವ್ಯತ್ಯಾಸವಿಲ್ಲ. ಹಾಡೂ ಕಾರಣವಲ್ಲ, ಹುರುಪೂ ಕಾರಣವಲ್ಲ. ಕಾರಣ ಮುಂಗಾಲಿನ ಆ ಬಾಚಣಿಗೆ. ಯೆಲ್ಲೋ ಇಲ್ಲದಿದ್ದರೆ ಬಾಚಣಿಗೆಯ ಹಲ್ಲಿಗೆ ಕಪ್ಪು ಮೆಲನಿನ್ ತುಂಬುವುದಿಲ್ಲ. ಮೆಲನಿನ್ ಬರೀ ಬಣ್ಣವಲ್ಲ, ಹಲ್ಲಿನ ಕಟ್ಟೂ ಅದರಿಂದಲೇ. ಹಲ್ಲು ಸರಿಯಿಲ್ಲದ ಗಂಡಿಗೆ ಹೆಣ್ಣನ್ನು ಹಿಡಿಯಲಾಗುವುದಿಲ್ಲ. ಲೇಸರಿನಿಂದ ಬಾಚಣಿಗೆ ಸುಟ್ಟರೂ ಗಂಡುಗಳು ಕೂಡಲು ಸೋಲುತ್ತವೆ ಅಂತ 2008ರಲ್ಲೇ ಬೇರೆಯವರು ತೋರಿಸಿದ್ದರು.

ಅವತ್ತೇ ಸಂಜೆ ಎರಡೂ ಬಣ್ಣದ ಗಂಡುಗಳ ಮುಂಗಾಲು ಕಿತ್ತು ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಮಾಮೂಲಿಯದು ಹೊಳೆಯುವ ಕಪ್ಪು. ಹಳದಿಯದು ತೆಳು ಕಂದು. ವರ್ಜಿನ್ ತೆಗೆಯುವಾಗ ದಿನಾ ನೋಡಿದ ಅಂಗವೇ.

ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಬ್ಯಾಸ್ಟಾಕ್ ತಪ್ಪಿದರು ಅನ್ನುವುದಲ್ಲ. ಅವರ ಕಾಲದಲ್ಲಿ ಜೀನನ್ನು ಕಾಲಿನಲ್ಲಿ ಮಾತ್ರ ಆರಿಸುವ, ಮೆದುಳಿನಲ್ಲಿ ಮಾತ್ರ ಆರಿಸುವ ದಾರಿ ಇರಲಿಲ್ಲ. ಇದ್ದದ್ದು ಕಣ್ಣು, ಗಡಿಯಾರ, ತಾಳ್ಮೆ. ಸಿಟ್ಟಿನ ಜೀನ್, ಪ್ರೀತಿಯ ಜೀನ್, ಸಾಹಸದ ಜೀನ್ ಅಂತ ಪತ್ರಿಕೆಯಲ್ಲಿ ತಲೆಬರಹ ಬಂದಾಗಲೆಲ್ಲ ನನಗೆ ಈಗ ಮೊದಲು ಕೇಳಬೇಕು ಅನ್ನಿಸುವುದು: ಅದು ಕೆಲಸ ಮಾಡುವುದು ಮೈಯ ಯಾವ ಭಾಗದಲ್ಲಿ? ಮೆದುಳಿನಲ್ಲೇ ಅಂತ ನೋಡಿದ್ದೀರಾ?

ಬ್ಯಾಸ್ಟಾಕ್ ಬರಹದಲ್ಲಿ ಇನ್ನೊಂದು ಸಂಗತಿ ಇದೆ. ಜಾಸ್ತಿ ಜನ ಅದನ್ನು ದಾಟಿ ಹೋಗುತ್ತಾರೆ. ಬಹುಕಾಲ ಬೇರೆಯಾಗಿ ಸಾಕಿದ ಹಳದಿ ತಳಿಯ ಹೆಣ್ಣುಗಳು ಮಾಮೂಲಿ ಹೆಣ್ಣುಗಳಿಗಿಂತ ಬೇಗ ಒಪ್ಪುತ್ತಿದ್ದವು. ಯೋಚಿಸಿ ನೋಡಿದರೆ ಸಹಜವೇ. ಬಾಟಲಿಯಲ್ಲಿ ಇರುವುದು ಹಳದಿ ಗಂಡುಗಳು ಮಾತ್ರ. ಒದ್ದು ಓಡುವ ಹೆಣ್ಣು ಕೂಡುವುದು ತಡ, ಮೊಟ್ಟೆ ಇಡುವುದೂ ತಡ. ನಿಂತು ಕೊಡುವ ಹೆಣ್ಣಿನ ಮಕ್ಕಳು ಮುಂದಿನ ಬಾಟಲಿಯಲ್ಲಿ ಜಾಸ್ತಿ. ಹೀಗೆ ತಲೆಮಾರು ಉರುಳಿದರೆ ಹೆಣ್ಣಿನ ಸ್ವಭಾವವೇ ಬದಲಾಗುತ್ತದೆ. ಗಂಡಿನ ಕಾಲಿನ ಒಂದು ಕೊರತೆ, ಹೆಣ್ಣಿನ ನಡವಳಿಕೆಯ ವಿಕಾಸ.

ನಡವಳಿಕೆ ಅಷ್ಟು ಬೇಗ ಬದಲಾಗುತ್ತದಾ ಅಂತ ಅನುಮಾನವಿದ್ದರೆ ಆಬ್ರಿ ಮ್ಯಾನಿಂಗ್ 1961ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ಇದೇ ನೊಣದಲ್ಲಿ ಬೇಗ ಕೂಡಿದವನ್ನು ಒಂದು ಕಡೆ, ತಡವಾಗಿ ಕೂಡಿದವನ್ನು ಒಂದು ಕಡೆ ಆರಿಸುತ್ತಾ ಹೋದರು. ಸುಮಾರು 25 ತಲೆಮಾರಿನಲ್ಲಿ ಬೇಗದ ತಳಿಗೆ ಸರಾಸರಿ ಮೂರು ನಿಮಿಷ ಸಾಕಾಯಿತು, ನಿಧಾನದ ತಳಿಗೆ ಸುಮಾರು 80 ನಿಮಿಷ ಬೇಕಾಯಿತು. ಅಷ್ಟು ತಲೆಮಾರು ಅಂದರೆ ಒಂದು ವರ್ಷದ ಕೆಲಸ, ಅಷ್ಟೆ.

ಮೈಸೂರಿನದೇ ಉದಾಹರಣೆ ಬೇಕಾದರೆ ಎಚ್.ಎ. ರಂಗನಾಥ್ ಮತ್ತು ಅವರ ಸಂಗಡಿಗರ ಕೆಲಸ ಓದಬೇಕು. ಕೊಡಗಿನಿಂದ ತಂದ ಡ್ರೊಸೊಫಿಲ ನಸೂಟಕ್ಕೆ ಎಂಟು ಕ್ರೋಮೋಸೋಮು. ಅದರ ಬಂಧು, ಪೂರ್ವದ ದೇಶಗಳ ಅಲ್ಬೊಮಿಕನ್ಸ್‌ಗೆ ಆರು. ಎರಡನ್ನೂ ಬೆರೆಸಿದರೆ ಮಕ್ಕಳಾಗುತ್ತವೆ, ಮೊಮ್ಮಕ್ಕಳೂ ಆಗುತ್ತವೆ. ಆ ಬೆರಕೆಯನ್ನು ಲ್ಯಾಬಿನಲ್ಲೇ ನೂರಾರು ತಲೆಮಾರು ಸಾಕಿದಾಗ ತಮ್ಮದೇ ಕ್ರೋಮೋಸೋಮ್ ಜೋಡಣೆ ಇರುವ ಹೊಸ ತಳಿಗಳು ನೆಲೆನಿಂತವು. ಅವಕ್ಕೆ ಸೈಟೋರೇಸ್ ಅಂತ ಹೆಸರಿಟ್ಟರು. ಜೋಡಿ ಆರಿಸಲು ಬಿಟ್ಟು ನೋಡಿದಾಗ ಅವುಗಳಲ್ಲಿ ಕೆಲವು ತಮ್ಮ ತಳಿಯವರನ್ನೇ ಹೆಚ್ಚಾಗಿ ಆರಿಸುವ ಲಕ್ಷಣವೂ ಕಂಡಿತು. ಹೊಸ ಜಾತಿ ಹುಟ್ಟುವ ದಾರಿಯ ಮೊದಲ ಹೆಜ್ಜೆ ಅದೇ ಅಲ್ವಾ?

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಬಾಚಣಿಗೆಯ ಫೋಟೋ ನೋಡಿ ತಲೆದೂಗಿದರು. ಹೆಣ್ಣುಗಳ ವಿಷಯಕ್ಕೆ ಬಂದಾಗ ಕನ್ನಡಕ ತೆಗೆದರು. "ಹಳದಿ ತಳಿಯ ಹೆಣ್ಣು ಬೇಗ ಒಪ್ಪುತ್ತೆ ಅಂತೀರಿ, ಸರಿ. ಅದು ಆಯ್ಕೆಯಿಂದಲೇ ಆಯ್ತು ಅಂತ ಹೇಗೆ ಹೇಳ್ತೀರಿ? ಸಣ್ಣ ಬಾಟಲಿ, ಕೆಲವೇ ನೊಣ. ಆಕಸ್ಮಿಕವಾಗಿ ಹಾಗೆ ಆಗಿರಬಾರದಾ?"

ಸರಿಯಾದ ಪ್ರಶ್ನೆ. ಒಂದೇ ತಳಿ ನೋಡಿ ಹೇಳಲು ಬರುವುದಿಲ್ಲ. ಹಾಗಂತಲೇ ಒಪ್ಪಿಕೊಂಡು, ಹೇಗೆ ನೋಡಬಹುದು ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಈಗ ಅದೇ ನನ್ನ ಮುಂದಿನ ಕೆಲಸ. ತೋಟದಲ್ಲಿ ಬಾಳೆಹಣ್ಣಿನ ಬಲೆ ಇಟ್ಟು ಹಿಡಿದ ನೊಣಗಳಿಂದ ಒಂದು ದೊಡ್ಡ ತಳಿ ಮಾಡಿಕೊಂಡಿದ್ದೇನೆ. ಅದರೊಳಗೆ ಯೆಲ್ಲೋ ಸೇರಿಸಿ, ಹಲವು ಪ್ರತ್ಯೇಕ ಬಾಟಲಿ ಸಾಲುಗಳಾಗಿ ಒಡೆಯಬೇಕು. ಅರ್ಧ ಸಾಲುಗಳಲ್ಲಿ ಎಲ್ಲರೂ ಹಳದಿ, ಅರ್ಧದಲ್ಲಿ ಎಲ್ಲರೂ ಮಾಮೂಲಿ. ಯಾವ ಸಾಲೂ ಇನ್ನೊಂದರ ಜೊತೆ ಬೆರೆಯಬಾರದು. ತಲೆಮಾರುಗಳಾದ ಮೇಲೆ ಹೆಣ್ಣುಗಳನ್ನು ತೆಗೆದು ಮಾಮೂಲಿ ಗಂಡಿನ ಜೊತೆ ಬಿಟ್ಟು, ಎಷ್ಟು ಹೊತ್ತಿಗೆ ಒಪ್ಪುತ್ತವೆ ಅಂತ ನೋಡುವುದು. ಹಳದಿ ಸಾಲುಗಳೆಲ್ಲ ಒಂದೇ ದಿಕ್ಕಿಗೆ ಸರಿದಿದ್ದರೆ ಆಯ್ಕೆ. ಒಂದೊಂದು ಒಂದೊಂದು ಕಡೆ ಹೋಗಿದ್ದರೆ ಆಕಸ್ಮಿಕ. ಅಟೆಂಡರ್ ಅಣ್ಣನಿಗೆ ಎಷ್ಟು ಬಾಟಲಿ ಬೇಕಾಗುತ್ತೆ ಅಂತ ಲೆಕ್ಕ ಹೇಳಿದೆ. ರವೆ ಇನ್ನು ಮೂಟೆಯಲ್ಲೇ ತರಿಸಬೇಕು ಅಂದರು.